ಕೇಳ್ತದೆ, ಆದರೆ ಹೇಳಿದ್ದು ಹೋಗೂದಿಲ್ಲ: ಹಳೆಯ ವೈರ್‌ಲೆಸ್ ಸೆಟ್ಟಿಗೆ ಹೊಸ ಪೇಸ್ಟ್



ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಕುಮಟಾದ ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳದ ಮಾವಿನಕುರ್ವೆ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ಸರಿಪಡಿಸುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಕೂಡಿಸುವುದು ಎಲ್ಲ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಮನೆಗೆ ಮೀನಿನ ಹಣ ಬರುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ಆಗ ನೆನಪಾಗುವುದು ಸಂಘದ ಸಾಲ.

ಬಲೆಗೆ, ಎಂಜಿನ್ನಿಗೆ ಸಾಲ ಕೊಡುವಾಗ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. "ಹಳೇ ವೈರ್‌ಲೆಸ್ ಸೆಟ್ ಒಂದು ಅಗ್ಗಕ್ಕೆ ಸಿಕ್ತದೆ, ಅದಕ್ಕೆ ಸಾಲ ಬೇಕಿತ್ತು" ಎಂದರೆ ಮಾತ್ರ ಏನು ಕೇಳಬೇಕೆಂದು ತೋಚುವುದಿಲ್ಲ. ಗಂಡಸರ ಸಾಮಾನು, ನಮಗೆ ತಿಳಿಯುವುದಿಲ್ಲ ಎಂದು ಸುಮ್ಮನಾಗುತ್ತೇವೆ. ಆದರೆ ಸಾಲದ ಕಂತು ಕಟ್ಟುವವರು ನಾವು. ಬೋಟು ಕಡಲಲ್ಲಿದ್ದಾಗ ದಡದಲ್ಲಿ ಕಾಯುವವರೂ ನಾವೇ. ಆದ್ದರಿಂದ ಈ ಸಲದ ಪಾಠವನ್ನು ಆ ಸೆಟ್ಟಿನ ಒಳಗಿನ ಒಂದು ಸಣ್ಣ ವಸ್ತುವಿನ ಬಗ್ಗೆ ಇಟ್ಟುಕೊಂಡಿದ್ದೇವೆ. ಅದರ ಹೆಸರು ಥರ್ಮಲ್ ಪೇಸ್ಟ್. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಹೀಟ್ ಸಿಂಕ್ ಕಂಪೌಂಡ್ ಎಂದು ಕೇಳಿದರೂ ಕೊಡುತ್ತಾರೆ.

ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ ಇದು ಕೈಗೆ ಬರುವ ಕೆಲಸ. ಉಳಿದವರಿಗೆ ಇದು ಸರಿಯಾದ ಪ್ರಶ್ನೆ ಕೇಳುವ ಧೈರ್ಯ ಕೊಡುವ ತಿಳುವಳಿಕೆ.

ಕಡಲಲ್ಲಿ ಒಂದು ಮಾತಿನ ಬೆಲೆ

ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಟವರ್ ಸಿಗುವುದಿಲ್ಲ. ಅಲ್ಲಿಂದ ಮುಂದೆ ಬೋಟಿನಿಂದ ಬೋಟಿಗೆ ಮಾತನಾಡಲು ಇರುವುದು ವಿಎಚ್‌ಎಫ್ ವೈರ್‌ಲೆಸ್ ಸೆಟ್. ಇದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಎರಡು ಬೋಟುಗಳ ಏರಿಯಲ್ ನೀರಿನಿಂದ 5 ಮೀಟರ್ ಎತ್ತರದಲ್ಲಿದ್ದರೆ ಸುಮಾರು 18 ಕಿಲೋಮೀಟರ್‌ವರೆಗೆ ಮಾತು ತಲುಪಬಹುದು. ದಡದ ಏರಿಯಲ್ ಎತ್ತರದ ಕಂಬದ ಮೇಲಿದ್ದರೆ ಇನ್ನೂ ದೂರ. 16ನೇ ಚಾನೆಲ್ ಜಗತ್ತಿನ ಎಲ್ಲ ಕಡಲಲ್ಲೂ ಅಪಾಯದ ಕರೆಗೆ ಮೀಸಲು. ಅಲ್ಲಿ "ಮೇ ಡೇ" ಎಂದು ಮೂರು ಸಲ ಕೂಗಿದರೆ ಕೇಳಿದವರೆಲ್ಲ ತಮ್ಮ ಮಾತು ನಿಲ್ಲಿಸಿ ಕಿವಿಗೊಡಬೇಕೆಂಬುದು ನಿಯಮ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟನ್ನು ನಾವ್ಯಾರೂ ಮರೆತಿಲ್ಲ. ಅದರಲ್ಲಿದ್ದ ಏಳು ಮಂದಿಯಲ್ಲಿ ಐವರು ನಮ್ಮ ಉತ್ತರ ಕನ್ನಡ ಜಿಲ್ಲೆಯವರು. ಎರಡು ದಿನಗಳ ನಂತರ ಸಂಪರ್ಕ ತಪ್ಪಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಆರಂಭದಲ್ಲಿ. ನಾಲ್ಕು ತಿಂಗಳು ಮೀರಿ ಆ ಮನೆಗಳ ಹೆಂಗಸರು ಒಂದು ಮಾತಿಗಾಗಿ ಕಾದರು. ಆ ದುರಂತಕ್ಕೂ ನಮ್ಮ ಪಾಠದ ಪೇಸ್ಟಿಗೂ ಸಂಬಂಧ ಕಟ್ಟುವುದು ನಮ್ಮ ಉದ್ದೇಶವಲ್ಲ. ಕಡಲಿನಿಂದ ಮಾತು ಬಾರದಿದ್ದರೆ ದಡದಲ್ಲಿ ಏನಾಗುತ್ತದೆ ಎಂಬುದನ್ನು ನೆನಪಿಸಲಷ್ಟೇ ಹೇಳಿದೆವು.

ಸೆಟ್ಟಿನೊಳಗೆ ಬಿಸಿ ಎಲ್ಲಿಂದ ಬರುತ್ತದೆ?

ವೈರ್‌ಲೆಸ್ ಸೆಟ್ಟಿಗೆ ಎರಡು ಕೆಲಸ. ಒಂದು ಕೇಳುವುದು, ಇನ್ನೊಂದು ಹೇಳುವುದು. ಕೇಳುವಾಗ ಅದಕ್ಕೆ ಬ್ಯಾಟರಿಯಿಂದ ಬಹಳ ಕಡಿಮೆ ಕರೆಂಟ್ ಸಾಕು. ಮೈಕಿನ ಗುಂಡಿ ಒತ್ತಿ ಮಾತನಾಡುವಾಗ ಮಾತ್ರ ಅದು ತುಂಬಾ ಕರೆಂಟ್ ಎಳೆಯುತ್ತದೆ.

ಲೆಕ್ಕ ಹಾಕಿ ನೋಡೋಣ. ಬೋಟಿನಲ್ಲಿ ಕೂರಿಸುವ ಸೆಟ್ಟು ಏರಿಯಲ್‌ಗೆ ಕಳಿಸುವ ಶಕ್ತಿ ಹೆಚ್ಚೆಂದರೆ 25 ವಾಟ್. ಆದರೆ ಅಷ್ಟು ಕಳಿಸಲು ಅದು ಸುಮಾರು 13.6 ವೋಲ್ಟಿನಲ್ಲಿ 5ರಿಂದ 6 ಆಂಪಿಯರ್ ಎಳೆಯುತ್ತದೆ. 13.6ನ್ನು ಐದೂವರೆಯಿಂದ ಗುಣಿಸಿದರೆ ಸುಮಾರು 75 ವಾಟ್ ಆಯಿತು. 75ರಲ್ಲಿ 25 ಏರಿಯಲ್‌ಗೆ ಹೋಯಿತು. ಉಳಿದ 50 ವಾಟ್ ಎಲ್ಲಿ ಹೋಯಿತು? ಅದು ಸೆಟ್ಟಿನೊಳಗೇ ಬಿಸಿಯಾಯಿತು. ಅದರಲ್ಲಿ ಬಹುಪಾಲು ಹುಟ್ಟುವುದು ಪವರ್ ಮಾಡ್ಯೂಲ್ ಎಂಬ ಒಂದೇ ಬಿಡಿಭಾಗದಲ್ಲಿ. ಕೆಲವು ಸೆಟ್ಟುಗಳಲ್ಲಿ ಅದರ ಬದಲು ಒಂದೆರಡು ಪವರ್ ಟ್ರಾನ್ಸಿಸ್ಟರ್ ಇರುತ್ತವೆ. ಮಾಡ್ಯೂಲ್ ಎಂದರೆ ಸುಮಾರು 6 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ತುಂಡು. ಹಳೇ ಕಾಲದ 40 ವಾಟಿನ ಬಲ್ಬು ಎಷ್ಟು ಸುಡುತ್ತಿತ್ತು ನೆನಪಿದೆಯಲ್ಲ? ಅಷ್ಟು ಬಿಸಿ ಇಷ್ಟು ಸಣ್ಣ ತುಂಡಿನಿಂದ ಹೊರಗೆ ಹೋಗಬೇಕು.

ನೀರು ಒಳಗೆ ಹೋಗಬಾರದೆಂದು ಬೋಟಿನ ಸೆಟ್ಟನ್ನು ಮುಚ್ಚಿ ಮಾಡಿರುತ್ತಾರೆ. ಒಳಗೆ ಗಾಳಿ ಆಡುವುದಿಲ್ಲ. ಬಿಸಿಗೆ ಇರುವ ದಾರಿ ಒಂದೇ. ಮಾಡ್ಯೂಲಿನ ಲೋಹದ ತಳದಿಂದ ಸೆಟ್ಟಿನ ಅಲ್ಯೂಮಿನಿಯಂ ಮೈಗೆ, ಅಲ್ಲಿಂದ ಹಿಂದೆ ಇರುವ ಗೆರೆಗೆರೆಯ ಹೀಟ್ ಸಿಂಕಿಗೆ, ಅಲ್ಲಿಂದ ಹೊರಗಿನ ಗಾಳಿಗೆ. ಈ ದಾರಿಯ ಮೊದಲ ಸೇತುವೆಯೇ ಪೇಸ್ಟ್.

ಪೇಸ್ಟಿನ ಕೆಲಸ ಏನು?

ಎರಡು ಲೋಹಗಳನ್ನು ಸ್ಕ್ರೂ ಹಾಕಿ ಬಿಗಿದರೆ ಕಣ್ಣಿಗೆ ಪೂರ್ತಿ ಅಂಟಿದಂತೆ ಕಾಣುತ್ತದೆ. ಹಾಗಿರುವುದಿಲ್ಲ. ಎಷ್ಟೇ ನುಣುಪಾದ ಲೋಹದಲ್ಲೂ ಕಣ್ಣಿಗೆ ಕಾಣದ ತಗ್ಗು ದಿಣ್ಣೆ ಇರುತ್ತವೆ. ದಿಣ್ಣೆಗೆ ದಿಣ್ಣೆ ತಾಗಿದಲ್ಲಿ ಮಾತ್ರ ಬಿಸಿ ದಾಟುತ್ತದೆ. ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ಗಾಳಿ ಬಿಸಿಯನ್ನು ಸುಲಭಕ್ಕೆ ಬಿಡುವುದಿಲ್ಲ. ತಳ ತಗ್ಗಾದ ಪಾತ್ರೆಯನ್ನು ಕರೆಂಟ್ ಒಲೆಯ ಮೇಲಿಟ್ಟರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಬೇಯುವುದೇ ಇಲ್ಲ. ಅದೇ ಲೆಕ್ಕ ಇಲ್ಲಿ.

ಸಾಧಾರಣ ಬಿಳಿ ಪೇಸ್ಟ್ ಎಂದರೆ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಪುಡಿ ಕಲಸಿದ್ದು. ಅದು ತಗ್ಗುಗಳಲ್ಲಿ ತುಂಬಿಕೊಂಡು ಗಾಳಿಯನ್ನು ಹೊರಗೆ ತಳ್ಳುತ್ತದೆ. ಬಿಸಿ ಸಾಗಿಸುವುದರಲ್ಲಿ ಗಾಳಿಗೆ 1 ಅಂಕ ಕೊಟ್ಟರೆ ಇಂಥ ಪೇಸ್ಟಿಗೆ ಸುಮಾರು 30 ಅಂಕ. ಶುದ್ಧ ಅಲ್ಯೂಮಿನಿಯಂಗೆ ಎಷ್ಟು ಗೊತ್ತೇ? 8000ಕ್ಕೂ ಮೇಲೆ!

ಈ ಮೂರು ಅಂಕಗಳಲ್ಲೇ ಇಡೀ ಪಾಠವಿದೆ. ಗಾಳಿಗಿಂತ ಪೇಸ್ಟ್ ಬಹಳ ಒಳ್ಳೆಯದು, ಆದ್ದರಿಂದ ಪೇಸ್ಟ್ ಇರಲೇಬೇಕು. ಆದರೆ ಲೋಹಕ್ಕಿಂತ ಪೇಸ್ಟ್ ಬಹಳ ಕಡಿಮೆ, ಆದ್ದರಿಂದ ಅದು ತಗ್ಗು ತುಂಬುವಷ್ಟು ಮಾತ್ರ ಇರಬೇಕು. ದಪ್ಪಗೆ ಮೆತ್ತಿದರೆ ಎರಡು ಲೋಹಗಳ ನಡುವೆ ನಾವೇ ಗೋಡೆ ಕಟ್ಟಿದ ಹಾಗೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತೇವಲ್ಲ, ಆ ಕೈ ಇಲ್ಲಿ ಬೇಕು. ರೊಟ್ಟಿಗೆ ಬೆಣ್ಣೆ ಹಚ್ಚುವ ಕೈ ಬೇಡ.

ಪೇಸ್ಟ್ ಒಣಗಿದರೆ ಏನಾಗುತ್ತದೆ?

ಸೆಟ್ಟು ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದಾಗ ಪೇಸ್ಟು ಸ್ವಲ್ಪ ಸ್ವಲ್ಪವೇ ಅಂಚಿಗೆ ಸರಿಯುತ್ತದೆ. ಅದರ ಎಣ್ಣೆ ಬೇರ್ಪಟ್ಟು ಹೋಗಿ ಸುಣ್ಣದ ಹಾಗೆ ಪುಡಿ ಉಳಿಯುತ್ತದೆ. ಬಿರುಕು ಬಿಟ್ಟಲ್ಲಿ ಮತ್ತೆ ಗಾಳಿ ಸೇರುತ್ತದೆ. ಎಂಜಿನ್ನಿನ ಕಾವು ತಾಗುವ ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಕೆಲಸ ಮಾಡಿದ ಸೆಟ್ಟಿಗೆ ಇದು ಬೇಗ ಆಗುತ್ತದೆ.

ಆಗ ಕಾಣುವ ಲಕ್ಷಣ ಹೀಗೆ. ಬೆಳಿಗ್ಗೆ ಮೊದಲ ಮಾತು ಚೆನ್ನಾಗಿ ಹೋಗುತ್ತದೆ. ನಾಲ್ಕಾರು ಸಲ ಉದ್ದಕ್ಕೆ ಮಾತನಾಡಿದ ಮೇಲೆ ದೂರದವರು "ಎಂತ ಹೇಳ್ತೀರಿ, ತಿಳಿಯೂದಿಲ್ಲ" ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಮಾಡ್ಯೂಲ್ ಸುಟ್ಟುಹೋಗದಿರಲಿ ಎಂದು ಅನೇಕ ಸೆಟ್ಟುಗಳು ಬಿಸಿ ಏರಿದಾಗ ತಾವೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತವೆ. ಆ ವ್ಯವಸ್ಥೆ ಇಲ್ಲದ ಸೆಟ್ಟಿನಲ್ಲಿ ಒಂದು ದಿನ ಮಾಡ್ಯೂಲೇ ಸುಡುತ್ತದೆ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಹೀಗಾದ ಸೆಟ್ಟಿನಲ್ಲಿ ಕೇಳುವ ಭಾಗ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬಿಸಿಯ ತೊಂದರೆ ಇಲ್ಲ. ಮಾರುವವರು ಸ್ವಿಚ್ ಹಾಕುತ್ತಾರೆ. ದೀಪ ಹತ್ತುತ್ತದೆ, ಅಂಕಿ ಮೂಡುತ್ತದೆ, ಬೇರೆ ಬೋಟಿನವರ ಮಾತು ಗಟ್ಟಿಯಾಗಿ ಕೇಳುತ್ತದೆ. "ನೋಡಿ, ಹೊಸದರ ಹಾಗೇ ಇದೆ" ಎನ್ನುತ್ತಾರೆ. ನಾವು ನಂಬುತ್ತೇವೆ. ಆದರೆ ಅಪಾಯದಲ್ಲಿ ಬೇಕಾದದ್ದು ಹೇಳುವ ಶಕ್ತಿ. ಅಂದು ಒಂದೇ ಸಮನೆ ಕೂಗಿ ಕರೆಯಬೇಕಾಗುತ್ತದೆ. ಬಿಸಿ ಏರುವುದೂ ಅಂದೇ. ಆದ್ದರಿಂದ ಹಳೆಯ ಸೆಟ್ಟನ್ನು ಕೇಳಿ ನೋಡಿ ಕೊಳ್ಳಬೇಡಿ, ಮಾತನಾಡಿಸಿ ನೋಡಿ ಕೊಳ್ಳಿ.

ಬಿಚ್ಚುವ ಮೊದಲು ಇವನ್ನು ನೋಡಿ

ಮಾತು ದೂರ ಹೋಗದಿರಲು ಪೇಸ್ಟ್ ಒಂದೇ ಕಾರಣವಲ್ಲ. ನಮ್ಮ ಉಪ್ಪು ಗಾಳಿಯಲ್ಲಿ ಹೊರಗಿನ ಕಾರಣಗಳೇ ಹೆಚ್ಚು. ಅವನ್ನು ಸೆಟ್ಟು ಬಿಚ್ಚದೆಯೇ ನೋಡಬಹುದು.

1. ಏರಿಯಲ್ ಕೇಬಲ್ಲಿನ ತುದಿಯ ಕನೆಕ್ಟರ್ ಹಸಿರುಗಟ್ಟಿದೆಯೇ? ಒಳಗಿನ ತಾಮ್ರದ ಎಳೆ ಕಪ್ಪಾಗಿದೆಯೇ? ಹಾಗಿದ್ದರೆ ಮೊದಲು ಅದನ್ನು ಬದಲಿಸಿ.

2. ಬ್ಯಾಟರಿಯ ತುದಿಗಳಲ್ಲಿ, ಫ್ಯೂಸಿನ ಗೂಡಿನಲ್ಲಿ ತುಕ್ಕು ಇದೆಯೇ? ಮೈಕಿನ ಗುಂಡಿ ಒತ್ತಿದ ಕೂಡಲೇ ಸೆಟ್ಟಿನ ದೀಪ ಮಂಕಾಗುತ್ತದೆಯೇ? ಹಾಗಾದರೆ ಕರೆಂಟ್ ಸರಿಯಾಗಿ ಬರುತ್ತಿಲ್ಲ ಎಂದರ್ಥ.

3. ಸೆಟ್ಟು 1 ವಾಟಿನ ಕಡಿಮೆ ಶಕ್ತಿಯಲ್ಲೇ ಉಳಿದಿದೆಯೇ? ಹತ್ತಿರದ ಮಾತಿಗೆ 1 ವಾಟ್, ದೂರದ ಮಾತಿಗೆ 25 ವಾಟ್ ಎಂದು ಬದಲಿಸುವ ಗುಂಡಿ ಇರುತ್ತದೆ.

4. ಹೀಟ್ ಸಿಂಕಿನ ಹಿಂದೆ ಬಟ್ಟೆ, ಹಗ್ಗ, ರೈನ್‌ಕೋಟ್ ತುರುಕಿದ್ದಾರೆಯೇ? ಅಲ್ಲಿ ಗಾಳಿ ಆಡದಿದ್ದರೆ ಎಂಥ ಪೇಸ್ಟ್ ಹಾಕಿಯೂ ಪ್ರಯೋಜನವಿಲ್ಲ.

ಇವೆಲ್ಲ ಸರಿಯಿದ್ದು ಬಿಸಿಯಾದ ಮೇಲೆ ಮಾತ್ರ ಮಾತು ಕುಗ್ಗುತ್ತಿದ್ದರೆ ಪೇಸ್ಟಿನ ಮೇಲೆ ಅನುಮಾನ ಪಡಬೇಕು. ಹಲವು ವರ್ಷ ದುಡಿದ ಸೆಟ್ಟನ್ನು ಕೊಂಡು ಹೊಸದಾಗಿ ಕೂರಿಸುವುದಾದರೆ, ಹೇಗೂ ಬಿಚ್ಚಿ ನೋಡುವುದು ಒಳ್ಳೆಯದು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಹಳೆಯ ಕಾಲದ ಕೆಲವು ಪವರ್ ಟ್ರಾನ್ಸಿಸ್ಟರುಗಳ ಒಳಗೆ ಬಿಳಿ ಬಣ್ಣದ ಪಿಂಗಾಣಿಯಂಥ ಭಾಗವಿರುತ್ತದೆ. ಅದು ಬೆರಿಲಿಯಂ ಆಕ್ಸೈಡ್ ಆಗಿರಬಹುದು. ಇಡಿಯಾಗಿದ್ದರೆ ಅಪಾಯವಿಲ್ಲ. ಒಡೆದು ಅಥವಾ ಉಜ್ಜಿ ಅದರ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ಬರಬಹುದು. ಆದ್ದರಿಂದ ಆ ಭಾಗವನ್ನು ಕೆರೆಯಬೇಡಿ, ಅರ ಹಾಕಬೇಡಿ, ಒಡೆಯಬೇಡಿ, ಸುಡಬೇಡಿ. ಮೊದಲೇ ಒಡೆದಿದ್ದರೆ ಸೆಟ್ಟನ್ನು ಮುಟ್ಟದೆ ಮುಚ್ಚಿ ತಿಳಿದ ಮೆಕ್ಯಾನಿಕ್‌ಗೆ ಹೇಳಿ. ಮಕ್ಕಳ ಕೈಗೆ ಹಳೆಯ ಬಿಡಿಭಾಗ ಆಡಲು ಕೊಡಬೇಡಿ.

ಬ್ಯಾಟರಿ 12 ವೋಲ್ಟಿನದಾದರೂ ಅದರ ಎರಡು ತುದಿಗೆ ಲೋಹ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸಕ್ಕೆ ಕೂರುವ ಮೊದಲು ಲೋಹದ ಬಳೆ, ಉಂಗುರ ತೆಗೆದಿಡಿ. ಉದ್ದ ಸರವಿದ್ದರೆ ಸೆರಗಿನೊಳಗೆ ಸಿಕ್ಕಿಸಿಕೊಳ್ಳಿ.

ಪೇಸ್ಟ್ ಬದಲಿಸುವ ಕ್ರಮ

ಬೇಕಾಗುವ ಸಾಮಾನು: ತಲೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರ್, ಹಿಂಜು ಬಿಡದ ಹತ್ತಿ ಬಟ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್, ವಿದ್ಯುತ್ ಹರಿಯಿಸದ ಬಿಳಿ ಪೇಸ್ಟ್, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು, ಸ್ಕ್ರೂ ಹಾಕಿಡಲು ಬಟ್ಟಲು. ಪೇಸ್ಟಿನ 10 ಗ್ರಾಂ ಟ್ಯೂಬು ಹತ್ತಾರು ಸೆಟ್ಟಿಗೆ ಬರುತ್ತದೆ. ಹಾಗಾಗಿ ಒಂದು ಸಂಘಕ್ಕೆ ಒಂದು ಟ್ಯೂಬು ಸಾಕು.

ಮೊದಲನೆಯದಾಗಿ, ಸೆಟ್ಟನ್ನು ಬೋಟಿನಿಂದ ಇಳಿಸಿ ಮನೆಗೆ ತನ್ನಿ. ಮಳೆಗಾಲದಲ್ಲಿ ಬೋಟಿನ ಮೇಲೆ ಬಿಚ್ಚಿದರೆ ತೇವ ಒಳಗೆ ಸೇರುತ್ತದೆ. ಒಣಗಿದ, ಬೆಳಕಿರುವ ಮೇಜು ಇರಲಿ. ಬ್ಯಾಟರಿ ವಯರ್ ಕಳಚಿರಲೇಬೇಕು. ಕೊನೆಯ ಸಲ ಮಾತನಾಡಿ ಅರ್ಧ ಗಂಟೆಯಾದರೂ ಆಗಿರಲಿ.

ಎರಡನೆಯದಾಗಿ, ಮುಚ್ಚಳ ತೆಗೆಯಿರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಯಾವ ಸ್ಕ್ರೂ ಎಲ್ಲಿಯದು ಎಂದು ಕಾಗದದ ಮೇಲೆ ಗುರುತು ಹಾಕಿ. ಉದ್ದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ಜಾಗಕ್ಕೆ ಹಾಕಿದರೆ ಬೋರ್ಡಿಗೆ ತೂತಾಗಬಹುದು. ಒಳಗೆ ಮುಟ್ಟುವ ಮೊದಲು ಸೆಟ್ಟಿನ ಲೋಹದ ಮೈಯನ್ನು ಒಮ್ಮೆ ಮುಟ್ಟಿ. ನೈಲಾನ್ ಸೀರೆಯ ಚಟಪಟ ವಿದ್ಯುತ್ತು ಸೂಕ್ಷ್ಮ ಬಿಡಿಭಾಗಗಳನ್ನು ಕೆಡಿಸುತ್ತದೆ.

ಮೂರನೆಯದಾಗಿ, ಪವರ್ ಮಾಡ್ಯೂಲ್ ಗುರುತಿಸಿ. ಏರಿಯಲ್ ಕನೆಕ್ಟರ್ ಹತ್ತಿರ, ಎರಡು ತುದಿಯಲ್ಲಿ ಎರಡು ಸ್ಕ್ರೂ ಹಾಕಿ ಲೋಹದ ಮೈಗೆ ಬಿಗಿದಿರುವ ತುಂಡು ಅದು. ಅದರ ಕಾಲುಗಳನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಬರೀ ಮಾಡ್ಯೂಲನ್ನು ಮೀಟಿ ಎಬ್ಬಿಸಬೇಡಿ. ಕಾಲು ಮುರಿದರೆ ಸೆಟ್ಟೇ ಹೋಯಿತು. ಮಾಡ್ಯೂಲಿನ ಸ್ಕ್ರೂ, ಬೋರ್ಡಿನ ಸ್ಕ್ರೂ ಎಲ್ಲ ತೆಗೆದು ಬೋರ್ಡು ಮಾಡ್ಯೂಲ್ ಎರಡನ್ನೂ ಒಟ್ಟಿಗೆ ನಿಧಾನವಾಗಿ ಎತ್ತಬೇಕು. ಹಾಗೆ ಬಾರದಿದ್ದರೆ ಅದು ಬೆಸುಗೆ ಬಿಡಿಸಬೇಕಾದ ಸೆಟ್ಟು. ಆ ಕೆಲಸ ಅನುಭವ ಇದ್ದವರಿಗೇ ಬಿಡಿ.

ನಾಲ್ಕನೆಯದಾಗಿ, ಹಳೆಯ ಪೇಸ್ಟ್ ಒರೆಸಿ. ಒಣಗಿದ್ದರೆ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಬಿಡಿಸಿ. ಚೂರಿ, ಬ್ಲೇಡು ಬೇಡ, ಲೋಹಕ್ಕೆ ಗೀರು ಬೀಳುತ್ತದೆ. ಒರೆಸಬೇಕಾದದ್ದು ಕೆಳಗಿನ ಲೋಹದ ತಳವನ್ನು ಮಾತ್ರ, ಮೇಲಿನ ಭಾಗ ಮುಟ್ಟಬೇಡಿ. ನಂತರ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎರಡೂ ಲೋಹ ಮಿನುಗುವವರೆಗೆ ಒರೆಸಿ. ಒಲೆ, ದೀಪ ಹತ್ತಿರ ಇರಬಾರದು. ಕಿಟಕಿ ತೆರೆದಿರಲಿ. ಪೆಟ್ರೋಲ್, ಥಿನ್ನರ್ ಬಳಸಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಜಿಡ್ಡು ಉಳಿಯುವ ಪದಾರ್ಥವಿದೆ.

ಐದನೆಯದಾಗಿ, ಏನಿತ್ತೋ ಅದನ್ನೇ ಮತ್ತೆ ಇಡಿ. ಕೆಲವು ಬಿಡಿಭಾಗಗಳ ಕೆಳಗೆ ತೆಳುವಾದ ಮೈಕಾ ಹಾಳೆ ಅಥವಾ ರಬ್ಬರಿನಂಥ ಪ್ಯಾಡ್ ಇರುತ್ತದೆ. ಅದು ಬಿಸಿಯನ್ನು ಬಿಟ್ಟು ವಿದ್ಯುತ್ತನ್ನು ತಡೆಯಲು ಇಟ್ಟದ್ದು. ಬೇಡದ ವಸ್ತು ಎಂದು ಬಿಸಾಡಿದರೆ ಶಾರ್ಟ್ ಆಗುತ್ತದೆ. ದಪ್ಪ ಪ್ಯಾಡ್ ಇದ್ದ ಜಾಗಕ್ಕೆ ಅಷ್ಟೇ ದಪ್ಪದ ಪ್ಯಾಡೇ ಬೇಕು, ಪೇಸ್ಟಿನಿಂದ ಆ ಅಂತರ ತುಂಬಲಾಗದು.

ಆರನೆಯದಾಗಿ, ಹೊಸ ಪೇಸ್ಟ್ ಹಚ್ಚಿ. ಮಾಡ್ಯೂಲಿನ ತಳಕ್ಕೆ ಒಂದೆರಡು ಹೆಸರುಕಾಳಿನಷ್ಟು ಸಾಕು. ಪ್ಲಾಸ್ಟಿಕ್ ಕಾರ್ಡಿನಿಂದ ಎಲ್ಲ ಕಡೆ ಸಮನಾಗಿ ಎಳೆಯಿರಿ. ಪದರದ ಕೆಳಗೆ ಲೋಹದ ಬಣ್ಣ ಮಸುಕಾಗಿ ಕಾಣುವಷ್ಟು ತೆಳುವಾಗಿರಲಿ. ಮರಳಿನ ಕಣ, ನೂಲಿನ ಎಳೆ ಸಿಕ್ಕಿಕೊಂಡರೆ ಒರೆಸಿ ಮತ್ತೆ ಹಚ್ಚಿ. ಒಂದು ಕಣ ಮರಳು ಇಡೀ ಮಾಡ್ಯೂಲನ್ನು ಎತ್ತಿ ಹಿಡಿಯುತ್ತದೆ.

ಏಳನೆಯದಾಗಿ, ಸ್ಕ್ರೂ ಬಿಗಿಯಿರಿ. ಒಂದು ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಮಾಡ್ಯೂಲ್ ಒಂದು ಕಡೆ ಎದ್ದು ಒಳಗಿನ ಪಿಂಗಾಣಿ ಹಾಳೆ ಬಿರುಕು ಬಿಡುತ್ತದೆ. ಎರಡನ್ನೂ ಸಡಿಲವಾಗಿ ಕೂರಿಸಿ, ಇದಕ್ಕೆ ಸ್ವಲ್ಪ ಅದಕ್ಕೆ ಸ್ವಲ್ಪ ಎಂದು ತಿರುಗಿಸುತ್ತಾ ಬನ್ನಿ. ಮೂರು ಬೆರಳಲ್ಲಿ ಹಿಡಿದು ಬಿಗಿಯುವಷ್ಟು ಬಲ ಸಾಕು. ಅಂಚಿನಲ್ಲಿ ಕೂದಲೆಳೆಯಷ್ಟು ಪೇಸ್ಟ್ ಹೊರಬಂದರೆ ಅಳತೆ ಸರಿಯಿದೆ. ರಾಶಿ ಬಂದರೆ ಹೆಚ್ಚಾಗಿದೆ.

ಎಂಟನೆಯದಾಗಿ, ನೀರು ತಡೆಯುವ ರಬ್ಬರ್ ಸುತ್ತನ್ನು ನೋಡಿ. ಗಟ್ಟಿಯಾಗಿದ್ದರೆ, ತುಂಡಾಗಿದ್ದರೆ ಹೊಸದು ಹಾಕಿ ಮುಚ್ಚಳ ಮುಚ್ಚಿ. ಪೇಸ್ಟ್ ಬದಲಿಸಿ ರಬ್ಬರ್ ಮರೆತರೆ ಉಪ್ಪು ನೀರು ಒಳಗೆ ಹೋಗಿ ಮಾಡಿದ್ದೆಲ್ಲ ವ್ಯರ್ಥ. ಕೈಯಲ್ಲಿ ಹಿಡಿಯುವ ವಾಕಿಟಾಕಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ. ಪೇಸ್ಟು ಬಟ್ಟೆಗೆ, ಮೈಕಿನ ಗುಂಡಿಗೆ, ಕನೆಕ್ಟರಿಗೆ ಮೆತ್ತಿದರೆ ಹೋಗುವುದು ಕಷ್ಟ.

"ಪೇಸ್ಟ್ ಇಲ್ಲದಿದ್ರೆ ಬೇರೆ ಎಂತಾದ್ರೂ ಹಚ್ಚಬಹುದಾ?" ಎಂದು ಯಾರಾದರೂ ಕೇಳುತ್ತಾರೆ. ಬಿಳಿಯಾಗಿದೆ ಎಂದು ಟೂತ್‌ಪೇಸ್ಟ್ ಹಚ್ಚಬೇಡಿ. ಅದರ ನೀರು ಆರಿ ಬೇಗ ಒಣಗುತ್ತದೆ, ಲೋಹವನ್ನೂ ತಿನ್ನುತ್ತದೆ. ವ್ಯಾಸಲೀನ್, ಎಂಜಿನ್ ಗ್ರೀಸ್, ತೆಂಗಿನೆಣ್ಣೆ ಬಿಸಿಗೆ ಕರಗಿ ಹರಿದುಹೋಗುತ್ತವೆ. ಅಂಟಿಸುವ ಜಾತಿಯ ಪೇಸ್ಟ್ ಕೂಡ ಬೇಡ. ಮುಂದೆ ಮಾಡ್ಯೂಲ್ ಕೆಟ್ಟರೆ ಬಿಚ್ಚಲು ಬರುವುದಿಲ್ಲ.

ಸರಿಯಾಯಿತೆಂದು ತಿಳಿಯುವುದು ಹೇಗೆ?

ಏರಿಯಲ್ ಇಲ್ಲದೆ ಮೈಕಿನ ಗುಂಡಿ ಒತ್ತಲೇಬಾರದು. ಹೊರಗೆ ಹೋಗಬೇಕಾದ ಶಕ್ತಿ ತಿರುಗಿ ಬಂದು ಮಾಡ್ಯೂಲನ್ನೇ ಸುಡುತ್ತದೆ. ರಿಪೇರಿ ಅಂಗಡಿಗಳಲ್ಲಿ ಏರಿಯಲ್ ಬದಲು ಡಮ್ಮಿ ಲೋಡ್ ಜೋಡಿಸುತ್ತಾರೆ. ಅದು 50 ಓಮಿನದು, 25 ವಾಟನ್ನು ನುಂಗಿ ಬಿಸಿಯಾಗುತ್ತದೆ, ಗಾಳಿಗೆ ಏನೂ ಹೋಗುವುದಿಲ್ಲ. ಜೊತೆಗೆ ವಾಟ್ ಮೀಟರ್ ಇರುತ್ತದೆ.

ಮೊದಲು 1 ವಾಟಿನಲ್ಲಿ ನೋಡಿ. ನಂತರ 25 ವಾಟಿಗೆ ಹಾಕಿ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಲಿ. ಆರಂಭದ ಅಂಕಿ, ಕೊನೆಯ ಅಂಕಿ ಎರಡನ್ನೂ ಬರೆದುಕೊಳ್ಳಿ. ಉದಾಹರಣೆಗೆ, 24ರಲ್ಲಿ ಶುರುವಾಗಿ 23ರಲ್ಲಿ ನಿಂತರೆ ಚಿಂತೆಯಿಲ್ಲ. 24ರಲ್ಲಿ ಶುರುವಾಗಿ 15ಕ್ಕೆ ಇಳಿದರೆ ಬಿಸಿಯ ದಾರಿ ಇನ್ನೂ ತೆರೆದಿಲ್ಲ, ಅಥವಾ ಬ್ಯಾಟರಿ ಕುಗ್ಗುತ್ತಿದೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಹೀಗೆ ಮಾಡಿ. 16ನೇ ಚಾನೆಲ್ಲಿನಲ್ಲಿ "ಹಲೋ ಹಲೋ, ಕೇಳ್ತದಾ" ಎಂದು ಪರೀಕ್ಷೆ ಮಾಡಬಾರದು. ಆ ಹೊತ್ತಿಗೆ ಯಾರೋ ಜೀವಕ್ಕಾಗಿ ಕರೆಯುತ್ತಿರಬಹುದು.

ಹೀಟ್ ಸಿಂಕ್ ಮುಟ್ಟಿ ನೋಡಿ. ಪೇಸ್ಟ್ ಬದಲಿಸಿದ ಮೇಲೆ ಅದು ಮೊದಲಿಗಿಂತ ಬೇಗ ಬೆಚ್ಚಗಾಗಬಹುದು. "ಅಯ್ಯೋ, ಮೊದಲು ತಣ್ಣಗಿತ್ತು, ಈಗ ಬಿಸಿಯಾಗ್ತದೆ, ಹಾಳು ಮಾಡಿದ್ರು" ಎಂದು ಹೆದರಬೇಡಿ. ಒಳಗೆ ಸಿಕ್ಕಿಬಿದ್ದಿದ್ದ ಬಿಸಿ ಈಗ ಹೊರಗೆ ಬರುತ್ತಿದೆ. ಹೊರಗೆ ತಣ್ಣಗಿದ್ದು ಒಳಗೆ ಸುಡುವುದೇ ಅಪಾಯ.

ಸಂಘ ಸಾಲ ಕೊಡುವಾಗ

ಹಳೆಯ ಸೆಟ್ಟು ಕೊಳ್ಳುವುದು ತಪ್ಪಲ್ಲ. ಚೆನ್ನಾಗಿ ಸಿದ್ಧಪಡಿಸಿದ ಹಳೆಯ ಸೆಟ್ಟು ಹಲವು ವರ್ಷ ದುಡಿಯುತ್ತದೆ. ಆದರೆ ಸಾಲ ಮಂಜೂರು ಮಾಡುವ ಮೊದಲು ಸಂಘವು ಈ ನಾಲ್ಕು ವಿಷಯ ಕೇಳಿ ನಿರ್ಣಯ ಪುಸ್ತಕದಲ್ಲಿ ಬರೆಯಲಿ.

• ಸೆಟ್ಟನ್ನು ಬಿಚ್ಚಿ ಪೇಸ್ಟ್ ನೋಡಿದ್ದಾರೆಯೇ? ಬದಲಿಸಿದ್ದರೆ ಯಾವ ತಿಂಗಳು, ಯಾರು?

• 25 ವಾಟಿನಲ್ಲಿ 30 ಸೆಕೆಂಡ್ ಪರೀಕ್ಷೆಯ ಆರಂಭದ ಮತ್ತು ಕೊನೆಯ ಅಂಕಿ ಎಷ್ಟು? ಮೀಟರಿನ ಫೋಟೋ ಇದೆಯೇ?

• ಏರಿಯಲ್, ಕೇಬಲ್, ಫ್ಯೂಸ್ ಖರ್ಚು ಸಾಲದ ಮೊತ್ತದಲ್ಲಿ ಸೇರಿದೆಯೇ? ಸೆಟ್ಟಿಗೆ ಮಾತ್ರ ಹಣ ಕೊಟ್ಟು ಕೇಬಲ್ಲಿಗೆ ಕೈಸಾಲ ಮಾಡಿಸಬೇಡಿ.

• ಬಿಲ್ಲು, ಪರವಾನಗಿ ಕಾಗದ ಇದೆಯೇ?

ಕೊನೆಯ ವಿಷಯ ಮುಖ್ಯ. ಬೋಟಿನ ವಿಎಚ್‌ಎಫ್ ಸೆಟ್ಟಿಗೆ ಸರ್ಕಾರದ ಪರವಾನಗಿ ಬೇಕು. ಮಾರಿದವರ ಹೆಸರಿನ ಕಾಗದ ನಮ್ಮ ಬೋಟಿಗೆ ತಾನಾಗಿ ಬರುವುದಿಲ್ಲ. ಕೊಳ್ಳುವ ಮೊದಲೇ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮೊಬೈಲಿನಲ್ಲಿ ಅಗ್ಗಕ್ಕೆ ತೋರಿಸುವ ವಾಕಿಟಾಕಿಗಳ ವಿಷಯದಲ್ಲೂ ಎಚ್ಚರ ಬೇಕು. ಅನುಮತಿಯಿಲ್ಲದ ವಾಕಿಟಾಕಿಗಳನ್ನು ಆನ್‌ಲೈನಿನಲ್ಲಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಡಿಮೆ ಶಕ್ತಿಯ ಕೆಲವು ವಾಕಿಟಾಕಿಗಳಿಗೆ ಪರವಾನಗಿ ಬೇಡ, ಆದರೆ ಅವು ಕಡಲಿನ ಕೆಲಸಕ್ಕೆ ಬರುವುದಿಲ್ಲ.

ಮನೆಯ ಗೋಡೆಯ ಮೇಲೆ ಎರಡು ನಂಬರ್ ಬರೆದಿಡಿ. ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554. ಬೋಟು ಹೇಳಿದ ಹೊತ್ತಿಗೆ ಬಾರದಿದ್ದರೆ ದಡದಲ್ಲಿರುವ ನಾವೇ ಕರೆ ಮಾಡಬಹುದು.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸದಸ್ಯರ ಮನೆಯ ಬೋಟುಗಳಲ್ಲಿ ಎಷ್ಟು ಸೆಟ್ಟುಗಳಿವೆ? ಅವುಗಳಲ್ಲಿ ಎಷ್ಟನ್ನು ಹಳೆಯದಾಗಿ ಕೊಂಡದ್ದು?

2. ಯಾವ ಸೆಟ್ಟಿನ ಬಗ್ಗೆ "ಕೇಳ್ತದೆ, ಆದರೆ ಹೇಳಿದ್ದು ಹೋಗೂದಿಲ್ಲ" ಎಂಬ ದೂರು ಇದೆ?

3. ನಮ್ಮ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಹೆಣ್ಣುಮಗಳು ಯಾರಿದ್ದಾಳೆ? ನಿಷೇಧದ ಎರಡು ತಿಂಗಳಲ್ಲಿ ಅವಳಿಗೆ ಈ ಕೆಲಸ ಕೊಡಬಹುದೇ? ವಾಟ್ ಮೀಟರ್ ಮತ್ತು ಡಮ್ಮಿ ಲೋಡನ್ನು ಒಕ್ಕೂಟದಿಂದ ಕೊಂಡು ಸರದಿಯಲ್ಲಿ ಬಳಸಬಹುದೇ?

4. ಪೇಸ್ಟ್ ದಪ್ಪಗಿದ್ದರೆ ಏಕೆ ಕೆಟ್ಟದ್ದು? ಪಾಠ ಓದದ ಒಬ್ಬ ಸದಸ್ಯೆಗೆ ಕಾವಲಿಯ ಉದಾಹರಣೆ ಕೊಟ್ಟು ವಿವರಿಸಿ.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಅಷ್ಟರೊಳಗೆ ಪ್ರತಿ ಸಂಘವೂ ತನ್ನ ಸದಸ್ಯರ ಒಂದು ಸೆಟ್ಟನ್ನಾದರೂ 30 ಸೆಕೆಂಡ್ ಮಾತನಾಡಿಸಿ ನೋಡಲಿ. ಬಂದ ಎರಡು ಅಂಕಿಗಳನ್ನು ಮುಂದಿನ ಸಭೆಗೆ ತನ್ನಿ.